ರಾನಡೆ, ಮಹಾದೇವ ಗೋವಿಂದ

ಮಹಾದೇವ ಗೋವಿಂದ ರಾನಡೆ (1842–1901) ನ್ಯಾಯಾಧೀಶ, ಸಮಾಜ ಸುಧಾರಕ, ಇತಿಹಾಸಕಾರ. ಭಾರತದ ಅರ್ಥಚಿಂತನೆಗೆ ಬುನಾದಿ ಹಾಕಿದವರಲ್ಲಿ ಪ್ರಮುಖರು. ಸರ್ಕಾರದ ನೌಕರಿಯಲ್ಲಿದ್ದುಕೊಂಡೇ ಸರ್ಕಾರದ ಕಂದಾಯ ನೀತಿಯನ್ನು ಲೆಕ್ಕಪತ್ರದ ಬಲದಿಂದ ಪ್ರಶ್ನಿಸಿದರು. ಬ್ರಿಟಿಷ್ ಆಡಳಿತ ಅವರ ಮೇಲೆ ಮೊಕದ್ದಮೆ ಹೂಡಲಿಲ್ಲ. ಪುಣೆಯಿಂದ ಎಬ್ಬಿಸಿ ನಾಸಿಕಕ್ಕೆ, ಅಲ್ಲಿಂದ ಧುಳೆಗೆ ಅಟ್ಟಿತು. ಅವರ ಟಪಾಲನ್ನು ಒಡೆದು ಓದಿತು.

ರಾನಡೆ ಹುಟ್ಟಿದ್ದು ನಾಸಿಕ್ ಜಿಲ್ಲೆಯ ನಿಫಾಡ್‌ನಲ್ಲಿ, 1842ರ ಜನವರಿ 18ರಂದು. ತಂದೆ ಕೊಲ್ಹಾಪುರ ಸಂಸ್ಥಾನದ ನೌಕರಿಗೆ ಸೇರಿದ್ದರಿಂದ ಬಾಲ್ಯ ಅಲ್ಲಿ ಕಳೆಯಿತು. ಹುಡುಗ ಮಾತು ಕಡಿಮೆ, ಬುದ್ಧಿಯೂ ಮಂದ ಎಂದೇ ಮನೆಯವರು ತಿಳಿದಿದ್ದರು. ಮುಂದೆ ಮುಂಬಯಿಯ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಓದಿ, ಹೊಸದಾಗಿ ಹುಟ್ಟಿದ್ದ ಮುಂಬಯಿ ವಿಶ್ವವಿದ್ಯಾಲಯದ ಮೊದಲ ಪದವೀಧರರಲ್ಲಿ ಒಬ್ಬರಾದರು (1862). 1864ರಲ್ಲಿ ಎಂ.ಎ., 1866ರಲ್ಲಿ ಕಾನೂನು ಪದವಿ. ವಿದ್ಯಾರ್ಥಿಯಾಗಿದ್ದಾಗಲೇ ಮರಾಠರ ಆಳ್ವಿಕೆಯನ್ನು ಬ್ರಿಟಿಷರ ಆಳ್ವಿಕೆಗೆ ಹೋಲಿಸಿ ಹೊಗಳಿ ಪ್ರಬಂಧ ಬರೆದದ್ದಕ್ಕೆ ಪ್ರಾಂಶುಪಾಲ ಅಲೆಕ್ಸಾಂಡರ್ ಗ್ರಾಂಟ್ ಆರು ತಿಂಗಳು ವಿದ್ಯಾರ್ಥಿವೇತನ ತಡೆಹಿಡಿದರೆಂದು ಜೀವನಚರಿತ್ರೆಕಾರರು ಹೇಳುತ್ತಾರೆ. ‘ಇಂದುಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ವಿಭಾಗವನ್ನು ಸಂಪಾದಿಸಿದರು. ಕನ್ನಡ ಮಾತಾಡುವ ಅಕ್ಕಲಕೋಟೆ ಸಂಸ್ಥಾನದಲ್ಲಿ ಕೆಲಕಾಲ ಕಾರಭಾರಿಯಾಗಿದ್ದರು.

1871ರಲ್ಲಿ ಪುಣೆಗೆ ನ್ಯಾಯಾಧೀಶರಾಗಿ ಬಂದ ಮೇಲೆ ಅವರ ನಿಜವಾದ ಕೆಲಸ ಶುರುವಾಯಿತು. ಅಲ್ಲಿ ಗಣೇಶ ವಾಸುದೇವ ಜೋಶಿ 1870ರಲ್ಲಿ ಕಟ್ಟಿದ್ದ ಸಾರ್ವಜನಿಕ ಸಭೆ ಇತ್ತು. ಜೋಶಿಯವರು ಊರೂರು ಸುತ್ತುವ ಕಾಲಾದರೆ, ರಾನಡೆ ಕೂತು ಬರೆಯುವ ಕೈಯಾದರು. ಆಗ ದಖ್ಖನ್ನಿನ ಒಕ್ಕಲಿಗರ ಸ್ಥಿತಿ ಹೀಗಿತ್ತು: ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಮುಗಿಲು ಮುಟ್ಟಿತು. ಆ ಏರುಬೆಲೆಗಳ ಬಿಸಿಯಲ್ಲೇ ಸರ್ಕಾರ ಭೂಕಂದಾಯವನ್ನು ಪರಿಷ್ಕರಿಸಿ ಹೆಚ್ಚಿಸಿತು. ಯುದ್ಧ ಮುಗಿದು ಬೆಲೆ ಕುಸಿಯಿತು. ಕಂದಾಯ ಮಾತ್ರ ಇಳಿಯಲಿಲ್ಲ. ಕಂತು ಕಟ್ಟಲು ರೈತ ಸಾಹುಕಾರನ ಬಾಗಿಲಿಗೆ ಹೋದ, ಪತ್ರ ಬರೆದುಕೊಟ್ಟ, ಕೋರ್ಟಿನ ಡಿಕ್ರಿಗೆ ಸಿಕ್ಕಿ ಹೊಲ ಕಳೆದುಕೊಂಡ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆಯಲ್ಲಿ ಭುಗಿಲೆದ್ದ ದಂಗೆಯಲ್ಲಿ ಒಕ್ಕಲಿಗರು ಹೆಚ್ಚಾಗಿ ಹುಡುಕಿ ಸುಟ್ಟದ್ದು ಸಾಲದ ಪತ್ರಗಳನ್ನೇ. ಸಾಹುಕಾರನ ದುರಾಸೆಯೇ ಇದಕ್ಕೆಲ್ಲ ಕಾರಣವೆಂದು ಅಧಿಕಾರಿಗಳಲ್ಲಿ ಹಲವರು ಕೈತೊಳೆದುಕೊಂಡರು. ಸಾಹುಕಾರನ ಬೆನ್ನ ಹಿಂದೆ ಕಂದಾಯದ ಕಚೇರಿ ನಿಂತಿದೆ ಎಂದು ಸಾರ್ವಜನಿಕ ಸಭೆ ಎತ್ತಿ ತೋರಿಸಿತು. ರಾನಡೆಯವರ ಹಿರಿಮೆ ಇರುವುದು ಈ ಗುರುತಿಸುವಿಕೆಯಲ್ಲಿ.

ಮರುವರ್ಷವೇ ಬರ ಬಂತು. ಕನ್ನಡ ನಾಡಿನಲ್ಲಿ ಧಾತು ಈಶ್ವರ ಬರವೆಂದು ನೆನಪಿನಲ್ಲಿ ಉಳಿದ 1876–78ರ ಈ ಕ್ಷಾಮ ಸೋಲಾಪುರ, ಕಲಾದಗಿ, ಧಾರವಾಡ, ಬೆಳಗಾವಿಗಳನ್ನು ಹಿಂಡಿತು. ಸಭೆ ತನ್ನವರನ್ನು ಹಳ್ಳಿಗಳಿಗೆ ಕಳಿಸಿ ಬೆಳೆ, ದರ, ಸಾವು, ಗುಳೆಯ ವರದಿ ತರಿಸಿ, ಸರ್ಕಾರಕ್ಕೆ ಪತ್ರದ ಮೇಲೆ ಪತ್ರ ಬರೆಯಿತು. 1878ರಿಂದ ಸಭೆಯ ತ್ರೈಮಾಸಿಕ ಹೊರಟಿತು. ಅದರ ಲೇಖನಗಳಲ್ಲಿ ಬಹುಪಾಲು ಹೆಸರು ಹಾಕದೆ ರಾನಡೆಯವರೇ ಬರೆದವು. ರಷ್ಯಾದ ಜೀತಗಾರರ ಬಿಡುಗಡೆ, ಪ್ರಷ್ಯಾದ ಭೂಶಾಸನ ಇವನ್ನೆಲ್ಲ ಓದಿ, ಭಾರತದ ರೈತನಿಗೆ ಅದರಿಂದ ಏನು ದಕ್ಕೀತು ಎಂದು ಅಲ್ಲಿ ಚರ್ಚಿಸಿದರು. ಲೇಖಕ ಯಾರೆಂಬುದು ಸರ್ಕಾರಕ್ಕೆ ತಿಳಿಯದ ಗುಟ್ಟೇನಾಗಿರಲಿಲ್ಲ.

1878ರಲ್ಲಿ ನಾಸಿಕಕ್ಕೆ ವರ್ಗವಾಯಿತು. ಹುಟ್ಟಿದ ಊರಿನ ಜಿಲ್ಲೆಯೇ ಆದರೂ ಪುಣೆಯ ಗೆಳೆಯರಿಂದಲೂ ಸಭೆಯಿಂದಲೂ ದೂರ. 1879ರಲ್ಲಿ ವಾಸುದೇವ ಬಳವಂತ ಫಡಕೆ ಪುಣೆ ಸುತ್ತಮುತ್ತ ಬಂಡಾಯವೆದ್ದರು. ಮಿಲಿಟರಿ ಲೆಕ್ಕಪತ್ರ ಇಲಾಖೆಯಲ್ಲಿ ಗುಮಾಸ್ತರಾಗಿದ್ದ ಫಡಕೆ, ದೇಶ ಬಡವಾದದ್ದು ಹೇಗೆಂಬ ರಾನಡೆಯವರ ಉಪನ್ಯಾಸಗಳನ್ನು ಕೇಳಿದ್ದವರು. ಆ ಮೇ ತಿಂಗಳಲ್ಲಿ ಪುಣೆಯ ಹಳೆಯ ಅರಮನೆ ಬುಧವಾರ ವಾಡೆಗೆ ಬೆಂಕಿ ಬಿತ್ತು. ಪುಣೆಯ ಚಿತ್ಪಾವನ ಬ್ರಾಹ್ಮಣರ ಮೇಲೆ ಮೊದಲೇ ಗುಮಾನಿ ಇದ್ದ ಗವರ್ನರ್ ರಿಚರ್ಡ್ ಟೆಂಪಲ್ ಆಡಳಿತ, ಬೇಸಿಗೆಯ ಉರಿಯಲ್ಲೇ ರಾನಡೆಯವರನ್ನು ಧುಳೆಗೆ ಕಳಿಸಿತು. ಅಲ್ಲಿ ಅವರ ಟಪಾಲು ತಡವಾಗಿ, ಒಡೆದ ಸ್ಥಿತಿಯಲ್ಲಿ ಕೈಸೇರುತ್ತಿತ್ತು. ಬಂಡಾಯಗಾರರ ಹೆಸರಿನಲ್ಲಿ ಕಾಗದಗಳು ಬರತೊಡಗಿದವು. ಅವು ತಮ್ಮನ್ನು ಪರೀಕ್ಷಿಸಲು ಒಡ್ಡಿದ ಬಲೆಯೆಂದು ಅರಿತ ರಾನಡೆ ನೇರವಾಗಿ ಪೊಲೀಸರಿಗೆ ಕಳಿಸಿಬಿಡುತ್ತಿದ್ದರು. ಪತ್ನಿ ರಮಾಬಾಯಿ ತಮ್ಮ ನೆನಪುಗಳ ಪುಸ್ತಕದಲ್ಲಿ (1910) ಈ ದಿನಗಳನ್ನು ಬರೆದಿಟ್ಟಿದ್ದಾರೆ. ಜುಲೈನಲ್ಲಿ ಫಡಕೆ ಇಂದಿನ ವಿಜಯಪುರ ಜಿಲ್ಲೆಯ ದೇವರ ನಾವದಗಿಯಲ್ಲಿ ಸೆರೆಸಿಕ್ಕರು. ರಾನಡೆಯವರ ಮೇಲಿನ ಸಂಶಯಕ್ಕೆ ಪುರಾವೆ ಒಂದೂ ಸಿಗಲಿಲ್ಲ. 1881ರಲ್ಲಿ ಅವರಿಗೆ ಮುಂಬಯಿಯಲ್ಲಿ ಮ್ಯಾಜಿಸ್ಟ್ರೇಟ್ ಹುದ್ದೆ ಸಿಕ್ಕಿತು.

ಸೂಪೆಯ ದಂಗೆಯ ಫಲವಾಗಿ 1879ರಲ್ಲಿ ದಖ್ಖನ್ ರೈತ ಪರಿಹಾರ ಕಾಯ್ದೆ ಬಂದಿತ್ತು. ಪುಣೆ, ಸಾತಾರಾ, ಅಹಮದ್‌ನಗರ, ಸೋಲಾಪುರ ಜಿಲ್ಲೆಗಳಲ್ಲಿ ನ್ಯಾಯಾಲಯ ಸಾಲಪತ್ರದ ಬರಹವನ್ನಷ್ಟೇ ನಂಬದೆ, ಮೊದಲ ಸಾಲ ಎಷ್ಟು, ಬಡ್ಡಿ ಹೇಗೆ ಬೆಳೆಯಿತು ಎಂದು ಲೆಕ್ಕವನ್ನು ಬುಡದಿಂದ ಕೆದಕಿ, ಕಂತುಗಳಲ್ಲಿ ತೀರಿಸಲು ಅವಕಾಶ ಕೊಡಬಹುದಾಗಿತ್ತು. 1887ರಲ್ಲಿ ರಾನಡೆ ಇದರ ವಿಶೇಷ ನ್ಯಾಯಾಧೀಶರಾದರು. ಕೆಳ ನ್ಯಾಯಾಲಯಗಳ ಕಡತ ತಪಾಸಣೆಗಾಗಿ ವರ್ಷದ ಬಹುಭಾಗ ತಾಲೂಕುಗಳಲ್ಲಿ ಸುತ್ತಿದರು. ಯಾರ ಬರಹಕ್ಕೆ ಸರ್ಕಾರ ಹೆದರಿತ್ತೋ ಅವರಿಗೇ ರೈತರ ಸಾಲದ ಕಡತ ಒಪ್ಪಿಸಬೇಕಾಗಿ ಬಂತು.

1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾರತದ ಅರ್ಥಶಾಸ್ತ್ರದ ಬಗ್ಗೆ ಕೊಟ್ಟ ಉಪನ್ಯಾಸ ಅವರ ಚಿಂತನೆಯ ತಿರುಳು. ಸ್ಮಿತ್, ರಿಕಾರ್ಡೊ, ಮಿಲ್ ಹೇಳಿದ್ದು ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಸಲ್ಲುವ ನಿಯಮಗಳಲ್ಲ. ಬಂಡವಾಳ, ಕೂಲಿ, ಜಮೀನು ಸಲೀಸಾಗಿ ಕೈಬದಲಾಗದ, ಜಾತಿ ಮತ್ತು ರೂಢಿ ಬಿಗಿದಿರುವ ದೇಶಕ್ಕೆ ಅದರದೇ ಅಳತೆಗೋಲು ಬೇಕು ಎಂದರು. ಜರ್ಮನಿಯ ಫ್ರೀಡ್ರಿಕ್ ಲಿಸ್ಟ್‌ನಿಂದ ಈ ವಾದಕ್ಕೆ ಬಲ ಸಿಕ್ಕಿತ್ತು. ನೇಕಾರ, ಕಮ್ಮಾರರ ಕಸುಬು ನೆಲಕಚ್ಚಿ ಎಲ್ಲರೂ ಹೊಲಕ್ಕೇ ಜೋತುಬೀಳುತ್ತಿರುವುದು ಬಡತನದ ಮೂಲ. ಸರ್ಕಾರ ರೈಲಿಗೆ ಲಾಭದ ಖಾತರಿ ಕೊಟ್ಟಂತೆ ಕೈಗಾರಿಕೆಗೂ ಸಾಲದ ಆಸರೆ ಕೊಡಲಿ ಎಂಬುದು ಅವರ ಬೇಡಿಕೆ. ದಾದಾಭಾಯಿ ನವರೋಜಿಯವರಂತೆ ಸಂಪತ್ತಿನ ಸೋರಿಕೆಗೇ ಒತ್ತು ಕೊಡಲಿಲ್ಲ. ಆ ಚರ್ಚೆಯಲ್ಲೇ ಶಕ್ತಿ ಕಳೆಯಬಾರದೆಂದು 1890ರ ಪುಣೆ ಕೈಗಾರಿಕಾ ಸಮ್ಮೇಳನದಲ್ಲಿ ಹೇಳಿದರು. ಅದೇ ವರ್ಷ ಜಾವಾದಲ್ಲಿ ಡಚ್ಚರು ನಡೆಸಿದ್ದ ಸರ್ಕಾರಿ ಬೇಸಾಯ ಪದ್ಧತಿಯನ್ನು ಮೆಚ್ಚಿ ಬರೆದರು. ಅಲ್ಲಿನ ರೈತರಿಂದ ಬಲವಂತವಾಗಿ ಬೆಳೆ ತೆಗೆಸಿದ ಪದ್ಧತಿಯದು. ಒಕ್ಕಲಿಗನ ಪಾಡು ಬಲ್ಲ ರಾನಡೆ ಆ ಸಂಕಟಕ್ಕೆ ತಕ್ಕ ತೂಕ ಕೊಡದಿದ್ದುದು ಅವರ ಬರವಣಿಗೆಯ ದೊಡ್ಡ ಕೊರತೆ. ಈ ಪ್ರಬಂಧಗಳು 1898ರಲ್ಲಿ ಪುಸ್ತಕವಾದವು.

ಸುಧಾರಕರಾಗಿ ಪ್ರಾರ್ಥನಾ ಸಮಾಜ, ವಿಧವಾ ವಿವಾಹ, ಹೆಣ್ಣುಮಕ್ಕಳ ಶಿಕ್ಷಣಕ್ಕೆ ದುಡಿದರು. 1887ರಲ್ಲಿ ಸಾಮಾಜಿಕ ಸಮ್ಮೇಳನವನ್ನು ಆರಂಭಿಸಿದರು. ಆದರೆ 1873ರಲ್ಲಿ ಮೊದಲ ಪತ್ನಿ ತೀರಿಕೊಂಡಾಗ ತಂದೆಯ ಒತ್ತಾಯಕ್ಕೆ ಮಣಿದು ವಿಧವೆಯನ್ನು ಬಿಟ್ಟು ಹನ್ನೊಂದರ ಬಾಲಕಿಯನ್ನು ಮದುವೆಯಾದದ್ದನ್ನು ಟೀಕಾಕಾರರು ಮರೆಯಲಿಲ್ಲ. ಆ ಬಾಲಕಿ ರಮಾಬಾಯಿಗೆ ಓದು ಕಲಿಸಿದವರು ರಾನಡೆಯವರೇ. 1893ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾದರು. 1895ರಲ್ಲಿ ಸಾರ್ವಜನಿಕ ಸಭೆ ತಿಲಕರ ಬಳಗದ ಕೈಸೇರಿದಾಗ, ಶಿಷ್ಯ ಗೋಖಲೆಯವರೊಡನೆ ಹೊರಬಂದು ಮರುವರ್ಷ ಡೆಕ್ಕನ್ ಸಭಾ ಕಟ್ಟಿದರು. 1901ರ ಜನವರಿ 16ರಂದು ಮುಂಬಯಿಯಲ್ಲಿ ನಿಧನರಾದರು. 1943ರ ಜನವರಿ 18ರಂದು ಪುಣೆಯಲ್ಲಿ ನಡೆದ ಅವರ ಜನ್ಮದಿನದ ಸಭೆಯಲ್ಲಿ ಬಿ.ಆರ್. ಅಂಬೇಡ್ಕರ್ ಮಾಡಿದ ಭಾಷಣ ರಾನಡೆಯವರನ್ನು ಗಾಂಧಿ, ಜಿನ್ನಾರ ಜೊತೆಗಿಟ್ಟು ತೂಗಿತು. ರಾಜಕೀಯಕ್ಕೆ ಮೊದಲು ಸಮಾಜ ಸರಿಯಾಗಬೇಕೆಂಬ ಅವರ ನಿಲುವನ್ನು ಅಂಬೇಡ್ಕರ್ ಎತ್ತಿಹಿಡಿದರು.