ಸೀಮನ್ ಎಂಬ ನಾಯಿಯ ಮೂರು ವರ್ಷದ ನದಿಯಾನ

ಹೋದ ವರ್ಷ ಆಫೀಸಿನ ಕೆಲಸದ ಮೇಲೆ ಎರಡು ತಿಂಗಳು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದೆ. ವಾರವಿಡೀ ಕಾಲ್, ಮೀಟಿಂಗ್, ಬಗ್ ಫಿಕ್ಸಿಂಗ್. ಶನಿವಾರ ಬಂದರೆ ಏನು ಮಾಡುವುದೋ ತೋಚುತ್ತಿರಲಿಲ್ಲ. ಹೀಗೇ ಒಂದು ಶನಿವಾರ ಸಹೋದ್ಯೋಗಿಯ ಕಾರು ಹತ್ತಿ ಪಕ್ಕದ ಸೇಂಟ್ ಚಾರ್ಲ್ಸ್‌ಗೆ ಹೋದೆ. ಮಿಸೌರಿ ನದಿಯ ದಂಡೆಯ ಮೇಲಿರುವ ಹಳೇ ಊರು. ಹೊಳೆ ಪಕ್ಕದ ಪಾರ್ಕಿನಲ್ಲಿ ಭಾರೀ ಕಂಚಿನ ಪ್ರತಿಮೆಯೊಂದಿದೆ. ಇಬ್ಬರು ಗಂಡಸರು, ಜೊತೆಗೊಂದು ನಾಯಿ. ಗಂಡಸರು ಯಾರೆಂದು ಗೊತ್ತಿತ್ತು: ಮೆರಿವೆದರ್ ಲೂಯಿಸ್, ವಿಲಿಯಂ ಕ್ಲಾರ್ಕ್. ನಾಯಿ ಯಾಕೆ ಅಲ್ಲಿದೆ ಅಂತ ಮಾತ್ರ ಗೊತ್ತಿರಲಿಲ್ಲ.

ನಾಯಿ ಕಂಡ ತಕ್ಷಣ ನನಗೆ ನೆನಪಾಗಿದ್ದು ಅಜ್ಜನ ಊರು. ತುಂಗಭದ್ರೆಯ ದಂಡೆ. ನಾನು ಚಿಕ್ಕವನಿದ್ದಾಗ ಹೊಳೆ ದಾಟಲು ಹರಿಗೋಲು ಇತ್ತು. ಅಜ್ಜನ ಮನೆಯ ನಾಯಿ ರಾಜ ನಮ್ಮ ಹಿಂದೆಯೇ ದಡದವರೆಗೂ ಬರುತ್ತಿತ್ತು. ಆದರೆ ಅಂಬಿಗ ಅದನ್ನು ಹತ್ತಿಸುತ್ತಿರಲಿಲ್ಲ. ನಾಯಿ ಒಮ್ಮೆ ಮೈ ಕೊಡವಿದರೆ ಕೂತವರೆಲ್ಲ ಒಂದೇ ಕಡೆ ವಾಲುತ್ತಾರೆ, ಹರಿಗೋಲು ಮಗುಚುತ್ತದೆ ಅನ್ನುವುದು ಅವನ ವಾದ. ಪಾಪ, ರಾಜ ಈಜಿಕೊಂಡೇ ಬರುತ್ತಿತ್ತು. ಹತ್ತು ನಿಮಿಷದ ದಾಟುವಿಕೆಗೇ ಇಷ್ಟು ಗಲಾಟೆ. ಇನ್ನು ನಾಯಿಯನ್ನು ದೋಣಿಯಲ್ಲಿಟ್ಟುಕೊಂಡು ಒಂದು ಖಂಡವನ್ನೇ ದಾಟಿ ವಾಪಸು ಬರುವುದು ಅಂದರೆ? ರೂಮಿಗೆ ಬಂದವನೇ ಓದಲು ಕೂತೆ. ಓದಿದ್ದನ್ನು ನಿಮಗೂ ಹೇಳೋಣ ಅಂತ ಈ ಬರಹ.

ಮೊದಲು ಸ್ವಲ್ಪ ಹಿನ್ನೆಲೆ. 1803ರಲ್ಲಿ ಅಮೆರಿಕ ಫ್ರಾನ್ಸಿನಿಂದ ಲೂಸಿಯಾನಾ ಪ್ರಾಂತ್ಯವನ್ನು ಒಂದೂವರೆ ಕೋಟಿ ಡಾಲರ್‌ಗೆ ಕೊಂಡಿತು. (ಆ ನೆಲದಲ್ಲಿ ಬದುಕಿದ್ದ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ, ಅದು ಬೇರೆ ಕಥೆ.) ಅಧ್ಯಕ್ಷ ಥಾಮಸ್ ಜೆಫರ್ಸನ್‌ಗೆ ಪೆಸಿಫಿಕ್ ಸಾಗರದವರೆಗೆ ನದಿಗಳ ಮೂಲಕವೇ ಹೋಗುವ ದಾರಿ ಸಿಗುತ್ತದಾ ಎಂದು ತಿಳಿಯಬೇಕಿತ್ತು. ಆ ಕೆಲಸವನ್ನು ತನ್ನ ಕಾರ್ಯದರ್ಶಿಯಾಗಿದ್ದ ಲೂಯಿಸ್‌ಗೆ ಕೊಟ್ಟ. ಲೂಯಿಸ್ ತನ್ನ ಹಳೇ ಸ್ನೇಹಿತ ಕ್ಲಾರ್ಕ್‌ನನ್ನು ಜೊತೆಗೆ ಕರೆದ.

ಹೊರಡುವ ಮುಂಚೆ ಲೂಯಿಸ್ 20 ಡಾಲರ್ ಕೊಟ್ಟು ಒಂದು ನಾಯಿ ಕೊಂಡ. ಆ ದಂಡಯಾತ್ರೆಯ ಸಾಮಾನ್ಯ ಸೈನಿಕನ ಸಂಬಳ ತಿಂಗಳಿಗೆ 5 ಡಾಲರ್. ಅಂದರೆ ಒಬ್ಬ ಸೈನಿಕನ ನಾಲ್ಕು ತಿಂಗಳ ದುಡಿಮೆ! ಸುಮ್ಮನೆ ಶೋಕಿಗೆ ಕೊಂಡ ನಾಯಿಯಲ್ಲ. ನ್ಯೂಫೌಂಡ್‌ಲ್ಯಾಂಡ್ ಜಾತಿಯದು. ಕೆನಡಾದ ಪೂರ್ವ ಕರಾವಳಿಯ ಮೀನುಗಾರರು ದೋಣಿಯಲ್ಲಿ ಸಾಕುತ್ತಿದ್ದ ತಳಿ ಇದು. ಬೆರಳುಗಳ ನಡುವೆ ಬಾತುಕೋಳಿಯ ಹಾಗೆ ಚರ್ಮ, ನೀರು ಒಳಗಿಳಿಯದ ದಟ್ಟ ಕೂದಲು, ಗಂಡಾಳಿನಷ್ಟು ತೂಕ. ನದಿಯ ಕೆಲಸಕ್ಕೆ ಹೇಳಿ ಮಾಡಿಸಿದ ಪ್ರಾಣಿ.

1803ರ ಆಗಸ್ಟ್ 31ರಂದು ಪಿಟ್ಸ್‌ಬರ್ಗ್‌ನಿಂದ ಓಹಾಯೊ ನದಿಯಲ್ಲಿ ದೋಣಿ ಹೊರಟಿತು. 55 ಅಡಿ ಉದ್ದ, 8 ಅಡಿ ಅಗಲದ ಕೀಲ್‌ಬೋಟ್. ಆ ವರ್ಷ ನೀರು ಎಷ್ಟು ಕಡಿಮೆಯಿತ್ತೆಂದರೆ ಕೆಲವು ಕಡೆ ಎತ್ತು, ಕುದುರೆಗಳನ್ನು ಬಾಡಿಗೆಗೆ ತಂದು ದೋಣಿ ಎಳೆಸಬೇಕಾಯಿತು. ಹೊರಟು ಎರಡು ವಾರವೂ ಆಗಿಲ್ಲ, ಸೆಪ್ಟೆಂಬರ್ 11ರ ದಿನಚರಿಯಲ್ಲಿ ನಾಯಿ ಕೆಲಸ ಮಾಡುತ್ತಿರುವುದು ಕಾಣಿಸುತ್ತದೆ. ಅಳಿಲುಗಳ ಹಿಂಡು ಓಹಾಯೊ ನದಿಯನ್ನು ಈಜಿ ದಾಟುತ್ತಿದ್ದವಂತೆ. ನಾಯಿ ನೀರಿಗೆ ಹಾರಿ ಒಂದೊಂದನ್ನೇ ಹಿಡಿದು ದೋಣಿಗೆ ತಂದುಕೊಟ್ಟಿತು. ಲೂಯಿಸ್ ಅವನ್ನು ಹುರಿದು ತಿಂದ, ರುಚಿಯಾಗಿತ್ತು ಎಂದು ಬರೆದ.

ನವೆಂಬರ್‌ನಲ್ಲಿ ಓಹಾಯೊ ಮಿಸಿಸಿಪ್ಪಿಯನ್ನು ಸೇರುವ ಜಾಗದಲ್ಲಿ ಶಾನೀ ಬುಡಕಟ್ಟಿನ ಒಬ್ಬ ನಾಯಿಗೆ ಬದಲಾಗಿ ಮೂರು ಬೀವರ್ ಚರ್ಮ ಕೊಡುತ್ತೇನೆಂದ. ಲೂಯಿಸ್ ಒಪ್ಪಲಿಲ್ಲ.

1804ರ ಮೇ 21ರಂದು ಸೇಂಟ್ ಚಾರ್ಲ್ಸ್‌ನಿಂದ (ನಾನು ನಿಂತಿದ್ದ ಅದೇ ಊರು!) ಮಿಸೌರಿ ನದಿಯ ಪ್ರವಾಹದ ವಿರುದ್ಧ ಪ್ರಯಾಣ ಶುರುವಾಯಿತು. ಕೀಲ್‌ಬೋಟ್ ಒಂದು, ಪಿರೋಗ್ ಎಂಬ ದೊಡ್ಡ ದೋಣಿಗಳು ಎರಡು. ಗಾಳಿ ಬಂದರೆ ಹಾಯಿ, ಇಲ್ಲದಿದ್ದರೆ ಹುಟ್ಟು, ನೀರು ಕಡಿಮೆಯಿದ್ದರೆ ಗಳ ಊರಿ ತಳ್ಳುವುದು, ಅದೂ ಆಗದಿದ್ದರೆ ಎದೆಮಟ್ಟದ ನೀರಿಗಿಳಿದು ಹಗ್ಗ ಹಿಡಿದು ಎಳೆಯುವುದು. ಹೀಗೆ ದಿನವಿಡೀ ಬೆವರು ಸುರಿಸಿದರೆ ಒಳ್ಳೆಯ ದಿನ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್. ಲೂಯಿಸ್ ಹೆಚ್ಚಾಗಿ ದಡದಲ್ಲಿ ಗಿಡ, ಮಣ್ಣು, ಪ್ರಾಣಿ ನೋಡುತ್ತ ನಡೆಯುತ್ತಿದ್ದ. ನಾಯಿಯೂ ಅವನ ಜೊತೆ.

ದಿನಚರಿಗಳಲ್ಲಿ ನಾಯಿ ದಿನಾ ಬರುವುದಿಲ್ಲ. ಅದು ಏನಾದರೂ ಹಿಡಿದಾಗ, ನೋವು ತಿಂದಾಗ, ಕಳೆದುಹೋದಾಗ ಮಾತ್ರ ಬರುತ್ತದೆ. 1805ರ ಏಪ್ರಿಲ್‌ನಲ್ಲಿ ಒಂದು ರಾತ್ರಿಯೆಲ್ಲ ಕಾಣದೆ ಬೆಳಿಗ್ಗೆ ವಾಪಸು ಬಂತು, ಲೂಯಿಸ್‌ಗೆ ಹೋದ ಜೀವ ಬಂದ ಹಾಗಾಯಿತು. ಮೇ 19ರಂದು ಗಾಯಗೊಂಡ ಬೀವರ್ ಒಂದನ್ನು ತರಲು ನೀರಿಗೆ ಹಾರಿದಾಗ ಅದು ಹಿಂಗಾಲು ಕಚ್ಚಿ ರಕ್ತನಾಳವೇ ತುಂಡಾಯಿತು. ರಕ್ತ ನಿಲ್ಲಿಸಲು ಹರಸಾಹಸ. ಉಳಿಯಲಾರದೆಂದೇ ಲೂಯಿಸ್ ಅಂದುಕೊಂಡ. ಉಳಿಯಿತು.

ಉಳಿದಿದ್ದು ಒಳ್ಳೆಯದೇ ಆಯಿತು. ಹತ್ತು ದಿನಗಳ ನಂತರ, ಮೇ 29ರ ಹಿಂದಿನ ರಾತ್ರಿ, ಒಂದು ಗಂಡು ಬೈಸನ್ (ನಮ್ಮ ಕಾಡುಗಳ ಕಾಟಿಯ ನೆಂಟ ಅನ್ನಬಹುದು) ನದಿ ಈಜಿ ಬಂದು, ಕಟ್ಟಿದ್ದ ದೋಣಿಯ ಮೇಲೆಯೇ ಹತ್ತಿ, ಬೆದರಿ, ಮಲಗಿದ್ದವರ ನಡುವೆ ನುಗ್ಗಿತು. ಕೆಲವರ ತಲೆಗೆ ಗೇಣಿನಷ್ಟು ದೂರದಲ್ಲಿ ಗೊರಸು. ಇನ್ನೇನು ಲೂಯಿಸ್‌ನ ಡೇರೆಯ ಮೇಲೆ ಬೀಳಬೇಕು, ಅಷ್ಟರಲ್ಲಿ ನಾಯಿ ಅಡ್ಡ ನುಗ್ಗಿ ಬೊಗಳಿತು, ಬೈಸನ್ ದಿಕ್ಕು ಬದಲಿಸಿತು. ಆ ಡೇರೆಯಲ್ಲಿ ಲೂಯಿಸ್, ಕ್ಲಾರ್ಕ್ ಜೊತೆಗೆ ಶೊಶೋನಿ ಬುಡಕಟ್ಟಿನ ಸಕಾಗವೆಯಾ ಎಂಬ ಹುಡುಗಿ, ಅವಳ ಗಂಡ ಮತ್ತು ಮೂರು ತಿಂಗಳ ಕೂಸೂ ಮಲಗುತ್ತಿದ್ದರು. ಮುಂದಿನ ತಿಂಗಳು ಗ್ರೇಟ್ ಫಾಲ್ಸ್ ಜಲಪಾತಗಳ ಬಳಿ ದೋಣಿಗಳನ್ನು ಚಕ್ರದ ಮೇಲೆ ಹೇರಿ 29 ಕಿಲೋಮೀಟರ್ ಎಳೆಯುವಾಗ, ರಾತ್ರಿಯೆಲ್ಲ ಸುತ್ತು ಹಾಕುತ್ತ ಗ್ರಿಜ್ಲಿ ಕರಡಿ ಬಂದರೆ ಎಚ್ಚರಿಸುತ್ತಿದ್ದದ್ದೂ ಇದೇ ನಾಯಿ.

ಇಲ್ಲಿಯವರೆಗೆ ಓದಿ ನನಗೆ ಖುಷಿಯೋ ಖುಷಿ. ಆಮೇಲೆ ಎರಡು ವಿಷಯ ಗಂಟಲಲ್ಲಿ ಸಿಕ್ಕಿಕೊಂಡವು.

ಒಂದು: ರಾಕಿ ಪರ್ವತ ದಾಟಿ ಕೊಲಂಬಿಯಾ ನದಿಯ ಕಡೆ ಇಳಿದ ಮೇಲೆ ಇವರಿಗೆ ಬೇಟೆ ಸಿಗಲಿಲ್ಲ. ಒಣಮೀನು ತಿಂದು ಹೊಟ್ಟೆ ಕೆಟ್ಟಿತು. ಆಗ ಮೂಲನಿವಾಸಿಗಳಿಂದ ನಾಯಿಗಳನ್ನು ಕೊಂಡು ತಿನ್ನತೊಡಗಿದರು. ಒಂದೆರಡಲ್ಲ, ನೂರಕ್ಕೂ ಹೆಚ್ಚು. ಲೂಯಿಸ್‌ಗೆ ನಾಯಿಮಾಂಸ ಇಷ್ಟವೇ ಆಯಿತು, ಕ್ಲಾರ್ಕ್‌ಗೆ ಕೊನೆಗೂ ಒಗ್ಗಲಿಲ್ಲ. 1806ರ ಮೇನಲ್ಲಿ ನೆಜ್ ಪರ್ಸ್ ಬುಡಕಟ್ಟಿನ ಒಬ್ಬ ಅಣಕಿಸಲೆಂದು ಬಡಕಲು ನಾಯಿಮರಿಯೊಂದನ್ನು ಲೂಯಿಸ್‌ನ ತಟ್ಟೆಯತ್ತ ಎಸೆದ. ಲೂಯಿಸ್ ಅದೇ ಮರಿಯನ್ನು ಅವನ ಮುಖಕ್ಕೆ ಎಸೆದು ಕೈಗೊಡಲಿ ಎತ್ತಿದ. ಅದಕ್ಕೆ ಹಿಂದಿನ ತಿಂಗಳಷ್ಟೇ ಇವನ ನಾಯಿಯನ್ನು ಯಾರೋ ಕದ್ದೊಯ್ದಾಗ ಮೂವರನ್ನು ಬೆನ್ನಟ್ಟಲು ಕಳಿಸಿ, ಎದುರು ನಿಂತರೆ ಗುಂಡು ಹಾರಿಸಿ ಎಂದು ಆಜ್ಞೆ ಕೊಟ್ಟಿದ್ದ! ಕದ್ದವರು ನಾಯಿ ಬಿಟ್ಟು ಓಡಿದ್ದರಿಂದ ಗುಂಡು ಹಾರಲಿಲ್ಲ. ತನ್ನದಾದರೆ ಪ್ರಾಣಕ್ಕಿಂತ ಹೆಚ್ಚು, ಬೇರೆಯವರದಾದರೆ ಊಟ. ಮನುಷ್ಯ ಹೀಗೇ ಇರಬೇಕು, ನಾನೂ ಸೇರಿದ ಹಾಗೆ.

ಎರಡನೆಯದು ಯಾರ್ಕ್‌ನ ಕಥೆ. ಬೈಸನ್ ನುಗ್ಗಿದ ಆ ರಾತ್ರಿಯ ಟಿಪ್ಪಣಿಯಲ್ಲೇ ಇನ್ನೊಂದು ಮಾತಿದೆ. ಬೈಸನ್ ದೋಣಿಯಲ್ಲಿದ್ದ ಒಂದು ಬಂದೂಕನ್ನು ತುಳಿದು ಬಗ್ಗಿಸಿತು. ಅದು ಯಾರದ್ದು? ಕ್ಯಾಪ್ಟನ್ ಕ್ಲಾರ್ಕನ ಕರಿಯಾಳಿನದ್ದು ಎಂದಷ್ಟೇ ಲೂಯಿಸ್ ಬರೆಯುತ್ತಾನೆ. ಆ ಆಳೇ ಯಾರ್ಕ್. ಕ್ಲಾರ್ಕ್‌ನ ಗುಲಾಮ. ಪೆಸಿಫಿಕ್‌ವರೆಗೆ ಹೋಗಿ ಬಂದ. ಎಲ್ಲರಂತೆ ಹುಟ್ಟು ಹಾಕಿದ, ಬೇಟೆಯಾಡಿದ. 1805ರ ನವೆಂಬರ್‌ನಲ್ಲಿ ಚಳಿಗಾಲ ಎಲ್ಲಿ ಕಳೆಯೋಣ ಎಂದು ಎಲ್ಲರ ಅಭಿಪ್ರಾಯ ಕೇಳಿದಾಗ ಅವನದ್ದನ್ನೂ ಬರೆದುಕೊಂಡರು.

1806ರ ಸೆಪ್ಟೆಂಬರ್ 23ರಂದು ತಂಡ ಸೇಂಟ್ ಲೂಯಿಸ್‌ಗೆ ವಾಪಸು ಬಂತು. ಮುಂದಿನ ವರ್ಷ ಸಂಸತ್ತು ಎಲ್ಲರಿಗೂ ದುಪ್ಪಟ್ಟು ಸಂಬಳ ಕೊಟ್ಟಿತು. ಸೈನಿಕರಿಗೆ ತಲಾ 320 ಎಕರೆ, ಇಬ್ಬರು ನಾಯಕರಿಗೆ ತಲಾ 1600 ಎಕರೆ. ಯಾರ್ಕ್‌ಗೆ ಒಂದು ಕಾಸೂ ಇಲ್ಲ. ಅವನ ಹೆಂಡತಿ ಲೂಯಿವಿಲ್‌ನಲ್ಲಿದ್ದಳು. ಬಿಡುಗಡೆ ಮಾಡಿ, ಇಲ್ಲವೇ ಅವಳ ಹತ್ತಿರ ಕೂಲಿಗಾದರೂ ಬಿಡಿ ಎಂದು ಕೇಳಿಕೊಂಡ. ಕ್ಲಾರ್ಕ್ ಒಪ್ಪಲಿಲ್ಲ. ಮುಖ ಊದಿಸಿಕೊಂಡಿದ್ದಾನೆಂದು ಹೊಡೆದೂಬಿಟ್ಟ. ಇದನ್ನು ಕ್ಲಾರ್ಕ್ ತನ್ನ ಅಣ್ಣನಿಗೆ ಬರೆದ ಪತ್ರಗಳಲ್ಲಿ ತಾನೇ ಹೇಳಿಕೊಂಡಿದ್ದಾನೆ. ಅವನಿಗೆ ಬಿಡುಗಡೆ ಕೊಟ್ಟೆನೆಂದು ಕ್ಲಾರ್ಕ್ ಹೇಳಿದ್ದು 1832ರಲ್ಲಿ.

ಈಗ ಮತ್ತೆ ನಾಯಿಗೆ ಬರೋಣ. 1806ರ ಜುಲೈ 15ರಂದು ಸೊಳ್ಳೆಕಾಟ ತಾಳಲಾರದೆ ನಾಯಿ ಊಳಿಡುತ್ತಿದೆ ಎಂದು ಲೂಯಿಸ್ ಬರೆದದ್ದೇ ಕೊನೆ. ಆಮೇಲೆ ಅದರ ಸುದ್ದಿಯಿಲ್ಲ. ಅದರ ಹೆಸರೂ ಬಹಳ ಕಾಲ ತಪ್ಪಾಗಿತ್ತು. ಕೈಬರಹ ಸರಿಯಾಗಿ ಓದಲಾಗದೆ ಪುಸ್ತಕಗಳು ‘ಸ್ಕ್ಯಾನನ್’ ಎಂದು ಅಚ್ಚು ಹಾಕಿದ್ದವು. ನುಡಿಯಲ್ಲಿ ಟೈಪಿಸಿದ್ದನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದ ಹಾಗೆ :) 1980ರ ದಶಕದಲ್ಲಿ ಡೊನಾಲ್ಡ್ ಜಾಕ್ಸನ್ ಎಂಬ ಇತಿಹಾಸಕಾರ ಮೊಂಟಾನಾದ ಹಳ್ಳವೊಂದಕ್ಕೆ ಲೂಯಿಸ್ ಇಟ್ಟಿದ್ದ ‘ಸೀಮನ್ಸ್ ಕ್ರೀಕ್’ ಎಂಬ ಹೆಸರು ನೋಡಿ ತಲೆ ಕೆರೆದುಕೊಂಡರು. ತಂಡದಲ್ಲಿ ಸೀಮನ್ ಎಂಬ ಮನುಷ್ಯನೇ ಇಲ್ಲವಲ್ಲ! ಮೂಲ ಹಸ್ತಪ್ರತಿ ತೆಗೆದು ನೋಡಿದರೆ ನಾಯಿಯ ಹೆಸರು ಸೀಮನ್. ಅಂದರೆ ನಾವಿಕ.

ಇನ್ನೂ ಒಂದು ಸುಳಿವು ಸಿಕ್ಕಿತು. 1814ರಲ್ಲಿ ತಿಮೊತಿ ಆಲ್ಡನ್ ಎಂಬಾತ ಪ್ರಕಟಿಸಿದ ಶಾಸನ, ಸಮಾಧಿ ಬರಹಗಳ ಸಂಗ್ರಹದಲ್ಲಿ ವರ್ಜೀನಿಯಾದ ಒಂದು ಮ್ಯೂಸಿಯಮ್ಮಿನಲ್ಲಿದ್ದ ನಾಯಿಯ ಕೊರಳಪಟ್ಟಿಯ ವಿವರವಿದೆ. ತನ್ನ ಜಾತಿಯಲ್ಲೇ ಅತಿ ದೊಡ್ಡ ಪ್ರವಾಸಿ ತಾನು, ಹೆಸರು ಸೀಮನ್, ಲೂಯಿಸ್‌ನ ಜೊತೆ ಪೆಸಿಫಿಕ್‌ಗೆ ಹೋಗಿ ಬಂದವನು ಎಂಬ ಅರ್ಥದ ಮಾತು ಅದರ ಮೇಲಿತ್ತಂತೆ. 1809ರ ಅಕ್ಟೋಬರ್‌ನಲ್ಲಿ ಲೂಯಿಸ್ ಟೆನೆಸಿಯಲ್ಲಿ ಗುಂಡೇಟಿನಿಂದ ಸತ್ತ. ಆತ್ಮಹತ್ಯೆ ಎನ್ನುವವರೇ ಹೆಚ್ಚು. ನಾಯಿ ಅವನ ಸಮಾಧಿ ಬಿಟ್ಟು ಕದಲದೆ, ಅನ್ನ ನೀರು ಬಿಟ್ಟು ಅಲ್ಲೇ ಪ್ರಾಣ ಬಿಟ್ಟಿತು ಎಂದು ಆಲ್ಡನ್ ಬರೆಯುತ್ತಾನೆ.

ಇದು ನಿಜವಾ? ಆಲ್ಡನ್ ಕಣ್ಣಾರೆ ಕಂಡು ಬರೆದದ್ದಲ್ಲ. ನನಗೆ ಅನುಮಾನವಿದೆ, ಆದರೂ ನಂಬಲು ಆಸೆ. ಧರ್ಮರಾಯನ ಹಿಂದೆ ಕೊನೆಯವರೆಗೂ ನಡೆದ ನಾಯಿಯ ಕಥೆ ಕೇಳಿ ಬೆಳೆದವರಿಗೆ ಇದು ಎಷ್ಟು ಬೇಗ ಮನಸ್ಸಿಗೆ ಇಳಿಯುತ್ತದೆ ನೋಡಿ. ನಿಷ್ಠೆಯ ನಾಯಿಯ ಕಥೆ ಯಾರನ್ನೂ ನೋಯಿಸುವುದಿಲ್ಲ. ಯಾರ್ಕ್‌ನ ಕಥೆ ಹೇಳಬೇಕಾದರೆ ಕ್ಲಾರ್ಕ್‌ನ ಪ್ರತಿಮೆಯನ್ನು ಇನ್ನೊಮ್ಮೆ ನೋಡಬೇಕಾಗುತ್ತದೆ. ಕಾಕತಾಳೀಯವೋ ಏನೋ, ಆ ಕೊರಳಪಟ್ಟಿಯ ವಿವರವನ್ನು ಬೆಳಕಿಗೆ ತಂದ ಜೇಮ್ಸ್ ಹೋಮ್‌ಬರ್ಗ್ ಅವರೇ ಕ್ಲಾರ್ಕ್‌ನ ಆ ಪತ್ರಗಳನ್ನೂ ಸಂಪಾದಿಸಿ 2002ರಲ್ಲಿ ಪ್ರಕಟಿಸಿದರು. ಯಾರ್ಕ್‌ಗೆ 2001ರಲ್ಲಿ ಅಮೆರಿಕದ ಸೈನ್ಯದ ಗೌರವ ಸಾರ್ಜೆಂಟ್ ಪದವಿ ಕೊಟ್ಟರು, ಲೂಯಿವಿಲ್‌ನಲ್ಲಿ ಈಗ ಅವನ ಪ್ರತಿಮೆಯೂ ಇದೆ. ಸೇಂಟ್ ಚಾರ್ಲ್ಸ್‌ನಲ್ಲಿ ನಾನು ನೋಡಿದ ಪ್ರತಿಮೆಯಲ್ಲಿ ನಾಯಿ ಇದೆ, ಯಾರ್ಕ್ ಇಲ್ಲ.

ಇದನ್ನೆಲ್ಲ ಓದಿ ಮುಗಿಸಿದ ರಾತ್ರಿ ಅಮ್ಮನಿಗೆ ಫೋನ್ ಮಾಡಿದ್ದೆ. ಅಲ್ಲಿ ಬೆಳಿಗ್ಗೆ.

“ಅಮ್ಮ, ಅಜ್ಜನ ಊರಲ್ಲಿ ಹರಿಗೋಲು ಹಾಕ್ತಿದ್ನಲ್ಲ, ಅವನ ಹೆಸರೇನು?”

“ಯಾರೋ? ಅಂಬಿಗನಾ? ಅಂಬಿಗ ಅಂತಲೇ ಕರೀತಿದ್ವಲ್ಲೋ.”

“ಹೆಸರು ಇರಲೇಬೇಕಲ್ಲಮ್ಮ?”

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. “ಇರುತ್ತೆ ಬಿಡು. ನಿಮ್ಮ ದೊಡ್ಡಪ್ಪನ್ನ ಕೇಳ್ಬೇಕು. ಈಗ್ಯಾಕೆ ಅದು?”

ನಾಯಿಯ ಹೆಸರು ರಾಜ ಅಂತ ಇಬ್ಬರಿಗೂ ಚೆನ್ನಾಗಿ ನೆನಪಿತ್ತು. ವರ್ಷಗಟ್ಟಲೆ ನಮ್ಮನ್ನು ಹೊಳೆ ದಾಟಿಸಿದವನ ಹೆಸರು ಇಬ್ಬರಿಗೂ ಗೊತ್ತಿಲ್ಲ. ದೊಡ್ಡಪ್ಪನಿಗೆ ಈ ಭಾನುವಾರ ಫೋನ್ ಮಾಡಬೇಕು. ನಿಮ್ಮೂರಲ್ಲೂ ಅಂಬಿಗ ಇದ್ದರೆ, ಅವನ ಹೆಸರು ನೆನಪಿದ್ದರೆ, ದಯವಿಟ್ಟು ಎಲ್ಲಾದರೂ ಬರೆದಿಡಿ.