ಕಾಲದ ಸೂಚನೆಗಳು

ಲೋಕದ ಆಗುಹೋಗುಗಳಲ್ಲಿ ದೇವರ ಚಿತ್ತವನ್ನು ಅರಸುವ ಕ್ರೈಸ್ತ ವಿವೇಚನಾ ಕ್ರಮ. ಸಂಜೆಯಾಗಸದ ಕೆಂಪು ನೋಡಿ ಹವೆ ಹೇಳಬಲ್ಲವರು ಕಾಲದ ಸೂಚನೆಗಳನ್ನು ಅರಿಯಲಾರರೆಂದು ಯೇಸು ಆಕ್ಷೇಪಿಸಿದ ಪ್ರಸಂಗ (ಮತ್ತಾಯ 16) ಇದರ ಮೂಲ. ಪೋಪ್ 23ನೆಯ ಜಾನ್ 1963ರ ‘ಪಾಚೆಮ್ ಇನ್ ತೆರ್ರಿಸ್’ ಪರಿಪತ್ರದಲ್ಲಿ ಆ ಕಾಲದ ಮೂರು ಲಕ್ಷಣಗಳನ್ನು ಎತ್ತಿ ತೋರಿದರು: ಕಾರ್ಮಿಕರ ಏಳಿಗೆ, ಸಾರ್ವಜನಿಕ ಬದುಕಿಗೆ ಸ್ತ್ರೀಯರ ಪ್ರವೇಶ, ವಸಾಹತುಗಳ ಬಿಡುಗಡೆ. ಈ ಮೂರೂ ಬಹುಮಟ್ಟಿಗೆ ಚರ್ಚಿನ ಹೊರಗೆ ಬೆಳೆದಂಥವು. ಪರಿಪತ್ರದ ದಿಟ್ಟತನ ಇರುವುದು ಅಲ್ಲಿಯೇ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ‘ಗೌದಿಯುಮ್ ಎತ್ ಸ್ಪೆಸ್’, ಇಂಥ ಸೂಚನೆಗಳನ್ನು ಶುಭಸಂದೇಶದ ಬೆಳಕಿನಲ್ಲಿ ಪರಿಶೀಲಿಸುವುದು ಚರ್ಚಿನ ಕರ್ತವ್ಯವೆಂದು ಸಾರಿತು. ಹೊಸದೆಲ್ಲವೂ ದೈವಪ್ರೇರಿತವೆಂದು ಅದರ ಅರ್ಥವಲ್ಲ: ಇಡೀ ನಗರಗಳನ್ನೇ ನಾಶಮಾಡುವ ಆಧುನಿಕ ಯುದ್ಧವನ್ನು ಅದೇ ದಸ್ತಾವೇಜು ದೇವರಿಗೂ ಮನುಷ್ಯನಿಗೂ ಎಸಗಿದ ಅಪರಾಧವೆಂದು ಖಂಡಿಸಿದೆ.