ಕಿತ್ತೂರಿಗೆ ಬಂದ ಅಂಕಿಗಳ ದೂರವಾಣಿ

ತನ್ನ ಕಚೇರಿಯ ಮೇಜಿನ ಮೇಲಿದ್ದ ಹಲವು ಗುಂಡಿಗಳ ದೂರವಾಣಿಯನ್ನು ತೋರಿಸಿ ಹಳೆಯ ವಿದ್ಯಾರ್ಥಿಯೊಬ್ಬ, "ಸರ್, ಇದರೊಳಗ ಏನೈತ್ರಿ?" ಎಂದು ಕೇಳಿದ. ವಿಜ್ಞಾನ ಕಲಿಸಿದವನು ನಾನೇ ಆದ್ದರಿಂದ ಉತ್ತರಿಸುವ ಹೊಣೆಯೂ ನನ್ನದೇ. ಆದರೆ ಉತ್ತರದ ಅರ್ಧ ಭಾಗ ಮಾತ್ರ ಆ ಪೆಟ್ಟಿಗೆಯಲ್ಲಿದೆ. ಉಳಿದರ್ಧ ಇರುವುದು ವಿನಿಮಯ ಕೇಂದ್ರದಲ್ಲಿ.

ನಮ್ಮ ತಂದೆಯವರು ಹಾಸಿಗೆ ಹಿಡಿದಾಗ ಪುಣೆಯಲ್ಲಿದ್ದ ಅಣ್ಣನವರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಬೆಳಗಿನಿಂದ ಸಂಜೆಯವರೆಗೆ ಕಾದೆ. ಲೈನು ಸಿಕ್ಕಿತು, ಮಾತು ಕೇಳಿಸಲಿಲ್ಲ. ಅಣ್ಣನವರು ಬಂದು ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ಹೊರದೇಶಗಳ ಎಲೆಕ್ಟ್ರಾನಿಕ್ ವಿನಿಮಯ ಕೇಂದ್ರಗಳು ತಂಪುಗೊಳಿಸಿದ ಕೋಣೆಯನ್ನು ಬೇಡುತ್ತಿದ್ದವು. ನಮ್ಮ ಬಿಸಿಲಿಗೆ, ದೂಳಿಗೆ ಅವು ಹೊಂದುವುದೆಂತು? 1984ರ ಆಗಸ್ಟಿನಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ, ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ, ಹವಾನಿಯಂತ್ರಣವಿಲ್ಲದೆ ನಡೆಯುವ 128 ತಂತಿಗಳ ಗ್ರಾಮೀಣ ಕೇಂದ್ರವನ್ನು ರೂಪಿಸಿತು. ಅಂತಹ ಮೊದಲನೆಯದನ್ನು 1986ರ ಜುಲೈಯಲ್ಲಿ ಸ್ಥಾಪಿಸಿದ್ದು ಚೆನ್ನಮ್ಮನ ಕಿತ್ತೂರಿನಲ್ಲಿ. ದೆಹಲಿಯಲ್ಲಲ್ಲ, ಬೆಂಗಳೂರಿನಲ್ಲೂ ಅಲ್ಲ ಎಂಬುದು ನನಗೆ ಇಂದಿಗೂ ಹೆಮ್ಮೆ.

ಅದಕ್ಕೆ ಹಿಂದಿನ ಸ್ವಯಂಚಾಲಿತ ಕೇಂದ್ರಗಳಲ್ಲಿ ಡಯಲ್ ತಿರುಗಿಸಿದಂತೆ ಲೋಹದ ತೋಳುಗಳು ಟಕಟಕನೆ ಏರಿ ತಿರುಗುತ್ತಿದ್ದವು. (ಆ ಯಂತ್ರಕ್ಕೆ 1891ರಲ್ಲಿ ಪೇಟೆಂಟ್ ಪಡೆದ ಸ್ಟ್ರೌಜರ್ ಅಮೆರಿಕದಲ್ಲಿ ಶವಸಂಸ್ಕಾರದ ವೃತ್ತಿಯವನು!) ಅಂಕೀಯ ಕೇಂದ್ರದಲ್ಲಿ ತೋಳೂ ಇಲ್ಲ, ಸದ್ದೂ ಇಲ್ಲ. ದೂರವಾಣಿಯಲ್ಲಿ ಸಾಗುವ ಧ್ವನಿಯ ಕಂಪನ ಸೆಕೆಂಡಿಗೆ 3400ರವರೆಗೆ. ಅದರ ಇಮ್ಮಡಿಗಿಂತ ಹೆಚ್ಚು ಸಲ ಅಳೆದರೆ ಧ್ವನಿಯನ್ನು ಮತ್ತೆ ಕಟ್ಟಬಹುದು. ಹಾಗಾಗಿ 8000 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಸೊನ್ನೆ-ಒಂದುಗಳ ಎಂಟು ಅಂಕಿಗಳಲ್ಲಿ ಬರೆಯುತ್ತಾರೆ. ಒಂದು ಅಳತೆಗೂ ಮುಂದಿನದಕ್ಕೂ ನಡುವೆ ಉಳಿಯುವ ಬಿಡುವಿನಲ್ಲಿ ಅದೇ ತಂತಿಯ ಮೇಲೆ ಇತರರ ಅಂಕಿಗಳು ಸರದಿಯಂತೆ ಸಾಗುತ್ತವೆ. ಒಬ್ಬರ ಸರದಿಯಲ್ಲಿ ಬಂದ ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡು ಇನ್ನೊಬ್ಬರ ಸರದಿಯಲ್ಲಿ ಕಳುಹಿಸಿದರೆ, ಅದೇ ಸಂಪರ್ಕ.

ಕಿತ್ತೂರಿನಲ್ಲಿ ಈ ಅಳತೆ ನಡೆದದ್ದು ಕೇಂದ್ರದಲ್ಲಿ. ಮನೆಗಳಲ್ಲಿದ್ದುದು ಸಾಧಾರಣ ದೂರವಾಣಿ. ಶಿಷ್ಯನ ಮೇಜಿನ ಮೇಲಿನ ಯಂತ್ರದಲ್ಲಾದರೋ ಅಳೆಯುವ ಚಿಪ್ಪು ಒಳಗೇ ಇದೆ. ಅವನು ಗುಂಡಿ ಒತ್ತಿದರೆ 'ಇಂತಹ ಗುಂಡಿ ಒತ್ತಿದರು' ಎಂಬ ಸಂದೇಶವಷ್ಟೇ ಕಚೇರಿಯ ಕಿರು ವಿನಿಮಯ ಕೇಂದ್ರಕ್ಕೆ ಹೋಗುತ್ತದೆ. ಕರೆಯನ್ನು ತಡೆಹಿಡಿಯಬೇಕೋ, ಬೇರೆಯವರಿಗೆ ದಾಟಿಸಬೇಕೋ ಎಂದು ನಿರ್ಧರಿಸಿ ಅದೇ ದೀಪವನ್ನೂ ಹೊತ್ತಿಸುತ್ತದೆ.

ನಮ್ಮ ಮನೆಗೆ ದೂರವಾಣಿ ಬಂದ ದಿನ ಮೊದಲ ಕರೆ ಪುಣೆಗೇ ಮಾಡಿದೆ. ಅಣ್ಣನವರ ಮಾತು ಸ್ಪಷ್ಟವಾಗಿ ಕೇಳಿಸಿತು. ಇಬ್ಬರೂ ತಂದೆಯವರ ವಿಷಯವನ್ನೇ ಮಾತಾಡಿದೆವು.